ಆ ಬಾವಿ ಯಾರದ್ರಿ ಟೀಚರ್? ಆಕಾಶದ ಪುಸ್ತಕ, ಓಣಿಯ ಪುಸ್ತಕ: ಒಂದು ಹೋಲಿಕೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಮನೆಯೊಳಗೆ ಮಲಗುವ ಮಾತೇ ಇಲ್ಲ. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಡೆದು, ಶಹಾಬಾದ್ ಕಲ್ಲಿನ ಕಾವು ಇಳಿದ ಮೇಲೆ ಚಾಪೆ ಹಾಸಿದರೆ ಮಕ್ಕಳು ಮುದುಕರೆಲ್ಲ ಅಲ್ಲೇ. ಹಾಗಾಗಿ ನಮ್ಮ ಓಣಿಯ ಮಕ್ಕಳಿಗೆ ಆಕಾಶ ಹೊಸದಲ್ಲ. ಜಾಗದ ಲೆಕ್ಕವೂ ಹೊಸದಲ್ಲ. ಯಾರ ಚಾಪೆ ಗೋಡೆ ಬದಿಗೆ, ಯಾರದು ಮೆಟ್ಟಿಲ ಬದಿಗೆ, ಯಾರ ಮಾಳಿಗೆಗೆ ಯಾರು ಹತ್ತುವಂತಿಲ್ಲ ಅನ್ನುವುದು ಐದು ವರ್ಷದ ಕೂಸಿಗೂ ಗೊತ್ತು.

ಈ ಎರಡೂ ತಿಳಿವಳಿಕೆಗೆ ಒಟ್ಟಿಗೆ ಮಾತು ಕೊಡುವ ಪುಸ್ತಕ ಯಾವುದು ಎಂದು ಹುಡುಕುತ್ತಾ ಕಳೆದ ಜೂನ್‌ನಿಂದ ಜನವರಿಯವರೆಗೆ ಪ್ರತಿ ಐತವಾರ ಸಂಜೆ ಹತ್ತು ಹನ್ನೆರಡು ಮಕ್ಕಳ ಜೊತೆ ನಮ್ಮ ಮಾಳಿಗೆ ಮೇಲೆ ಕೂತು ಓದಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಬಂದವರು ಎಂಟನೇ ತರಗತಿಯಿಂದ ಪಿಯುಸಿವರೆಗಿನವರು. ಕೆಲವರು ಇದೇ ಓಣಿಯವರು, ಕೆಲವರು ಆಳಂದ, ಜೇವರ್ಗಿ, ಸೇಡಂ ಕಡೆಯ ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿ ಇರುವವರು. ಇಂಗ್ಲಿಷ್ ಪುಸ್ತಕಗಳನ್ನು ನಾನು ಪುಟ ನೋಡಿಕೊಂಡು ಬಾಯಿಮಾತಿನ ಕನ್ನಡದಲ್ಲಿ ಹೇಳುತ್ತಿದ್ದೆ. ಪುಸ್ತಕ ಗೆದ್ದಿತೋ ಸೋತಿತೋ ಎಂದು ನೋಡಲು ನನ್ನ ಬಳಿ ಇದ್ದ ಅಳತೆ ಒಂದೇ: ಮುಂದಿನ ವಾರ ಬರುವಾಗ ಮಕ್ಕಳು ಅದರ ಬಗ್ಗೆ ಏನಾದರೂ ಹೊತ್ತು ತರುತ್ತಾರೋ ಇಲ್ಲವೋ.

ಇದರ ಬೀಜ ಬಿದ್ದದ್ದು 2016ರ ಜನವರಿಯಲ್ಲಿ. ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಾ ದಲಿತ ಹೋರಾಟದಲ್ಲಿದ್ದ ರೋಹಿತ್ ವೇಮುಲ, ಜೀವ ಕಳೆದುಕೊಳ್ಳುವ ಮೊದಲು ಬರೆದ ತನ್ನ ಕೊನೆಯ ಪತ್ರದಲ್ಲಿ, ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಹಾಗೆ ವಿಜ್ಞಾನ ಬರೆಯುವವನಾಗಬೇಕೆಂದಿದ್ದೆ ಎಂದು ಬರೆದಿದ್ದ. ನಾನು ಆಗ ಸೇಗನ್ನನ ಪುಸ್ತಕವನ್ನು ಕಪಾಟಿನ ಮೇಲಿನ ಸಾಲಿನಲ್ಲಿ ವಿಜ್ಞಾನದ ಜೊತೆ ಇಟ್ಟಿದ್ದೆ. ಅಂಬೇಡ್ಕರ್, ಸಿದ್ಧಲಿಂಗಯ್ಯ ಕೆಳಗಿನ ಸಾಲಿನಲ್ಲಿದ್ದರು. ಆ ಪತ್ರ ಓದಿದ ದಿನದಿಂದ ಆ ಎರಡು ಸಾಲುಗಳ ನಡುವಿನ ಹಲಗೆ ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಮಕ್ಕಳ ಜೊತೆ ಓದಲು ಧೈರ್ಯ ಬರಲಿಕ್ಕೆ ಇಷ್ಟು ವರ್ಷ ಬೇಕಾಯಿತು.

ಸೇಗನ್ನನ ‘ಕಾಸ್ಮೊಸ್’ 1980ರದ್ದು. ಹದಿಮೂರು ಅಧ್ಯಾಯ, ಕೈಯಲ್ಲಿ ಹಿಡಿದರೆ ಇಟ್ಟಿಗೆಯಷ್ಟು ಭಾರ. ಏಳು ವಾರ ಹಿಡಿಯಿತು, ಅದೂ ಆಯ್ದ ಭಾಗಗಳಿಗೆ. ಹಳೆಯ ಪುಸ್ತಕವಾದ್ದರಿಂದ ಓದಿಸುವವರು ಎಚ್ಚರದಿಂದಿರಬೇಕು. ಅದರಲ್ಲಿ ಪ್ಲೂಟೊ ಇನ್ನೂ ಗ್ರಹ. ಸೂರ್ಯನಂಥ ಬೇರೆ ನಕ್ಷತ್ರದ ಸುತ್ತ ಗ್ರಹ ತಿರುಗುವುದು ಗೊತ್ತಾದದ್ದು 1995ರಲ್ಲಿ, ಅಂದರೆ ಪುಸ್ತಕ ಬಂದು ಹದಿನೈದು ವರ್ಷಕ್ಕೆ. ಆದರೆ ಮೊದಲ ಅಧ್ಯಾಯದಲ್ಲಿರುವ, ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ವಿದ್ವಾಂಸ ಎರಟೊಸ್ತೆನೀಸನ ಕತೆಗೆ ವಯಸ್ಸಾಗುವುದಿಲ್ಲ.

ಕತೆ ಇಷ್ಟು. ಈಜಿಪ್ಟಿನ ದಕ್ಷಿಣದಲ್ಲಿ ಸಯೀನ್ ಅನ್ನುವ ಊರು. ಜೂನ್ 21ರ ನಡುಹಗಲಿಗೆ ಅಲ್ಲಿ ಕಂಬದ ನೆರಳು ಮಾಯವಾಗುತ್ತದೆ, ಆಳದ ಬಾವಿಯ ತಳದ ನೀರಿನಲ್ಲಿ ಸೂರ್ಯ ಕಾಣುತ್ತಾನೆ. ಅದೇ ದಿನ, ಅದೇ ಹೊತ್ತು, ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆಟ್ಟ ಕೋಲಿಗೆ ನೆರಳಿದೆ. ನೆಲ ಚಪ್ಪಟೆಯಾಗಿದ್ದರೆ ಹೀಗಾಗುವುದಿಲ್ಲ. ನೆರಳಿನ ಕೋನ ಸುಮಾರು ಏಳು ಡಿಗ್ರಿ, ಊರುಗಳ ನಡುವಿನ ದೂರ ಸುಮಾರು 800 ಕಿಲೋಮೀಟರ್. ಏಳು ಡಿಗ್ರಿ ಅಂದರೆ ಇಡೀ ಸುತ್ತಿನ ಸುಮಾರು ಐವತ್ತನೇ ಒಂದು ಪಾಲು, ಹಾಗಾಗಿ 800ರ ಐವತ್ತು ಪಟ್ಟು ಭೂಮಿಯ ಇಡೀ ಸುತ್ತು. ಆ ದೂರವನ್ನು ಹೆಜ್ಜೆ ಹಾಕಿ ಎಣಿಸಲು ಎರಟೊಸ್ತೆನೀಸ್ ಒಬ್ಬ ಆಳನ್ನು ಹಿಡಿದಿದ್ದನಂತೆ. ಒಂದು ಕೋಲು, ಒಂದು ನೆರಳು, ಒಬ್ಬನ ಹೆಜ್ಜೆ. ಅಷ್ಟರಲ್ಲಿ ಭೂಮಿಯ ಸುತ್ತಳತೆ ಸಿಕ್ಕಿತು.

ಇದನ್ನು ನಮ್ಮಲ್ಲೂ ಮಾಡಬಹುದು ಅನ್ನುವುದೇ ‘ಕಾಸ್ಮೊಸ್’ ಪುಸ್ತಕದ ದೊಡ್ಡ ಬಲ. ಕಲಬುರಗಿ ಇರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಮೇ ಎರಡನೇ ವಾರದಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟ್ 3 ಐತವಾರವೇ ಬಿದ್ದಿತ್ತು. ಬೆಳಿಗ್ಗೆಯಿಂದ ಮೋಡ. ಹನ್ನೆರಡು ಗಂಟೆಗೆ ಮಕ್ಕಳ ಮುಖ ಬಾಡಿತ್ತು. ಹನ್ನೆರಡೂ ಇಪ್ಪತ್ತಕ್ಕೆ ಮೋಡ ಸರಿಯಿತು. ಒಂದು ಮೀಟರಿನ ಕಬ್ಬಿಣದ ಸಲಾಕೆ, ಪಕ್ಕದಲ್ಲಿ ಅವ್ವನ ಒನಕೆ, ಒಂದು ಸ್ಟೀಲ್ ಲೋಟ. ಹನ್ನೆರಡೂವರೆ ಹೊತ್ತಿಗೆ ಮೂರರ ನೆರಳೂ ಬುಡಕ್ಕೆ ಬಂದು ಅಡಗಿಕೊಂಡವು. ಒಬ್ಬ ಹುಡುಗ ತಾನೇ ಒನಕೆ ಹಾಗೆ ನೆಟ್ಟಗೆ ನಿಂತು, ತನ್ನ ನೆರಳು ಕಾಲಡಿಗೆ ಸೇರಿತೆಂದು ಕೂಗಿ ಕೂಗಿ ಹೇಳಿದ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನನ್ನ ತಮ್ಮ ಒಂದು ಮೀಟರ್ ಕೋಲು ನೆಟ್ಟು ಅಳೆದ: ದಕ್ಷಿಣಕ್ಕೆ ಬಿದ್ದ ನೆರಳು ಏಳೂವರೆ ಸೆಂಟಿಮೀಟರ್. ಕೋನ 4.3 ಡಿಗ್ರಿ. ಮಕ್ಕಳು ಮೊದಲು ಬಸ್ಸಿನ ದಾರಿಯ ದೂರ ಹಾಕಿದರು, ಭೂಮಿ ಉಬ್ಬಿಹೋಯಿತು. ಆಮೇಲೆ ನಕಾಶೆ ಬಿಡಿಸಿ, ತೆಂಕು ಬಡಗು ನೇರ ಗೆರೆಯ ದೂರ ಹಿಡಿದರು, ಸುಮಾರು 480 ಕಿಲೋಮೀಟರ್. ಲೆಕ್ಕ ಬಂದದ್ದು 40,200. ಧ್ರುವಗಳ ಮೇಲಿಂದ ಸುತ್ತಿದರೆ ನಿಜವಾದ ಅಳತೆ 40,008. ಆ ಸಂಜೆ ಒನಕೆಯನ್ನು ಕೆಳಗೆ ಒಯ್ಯುವಾಗ ಅವ್ವ ಕೇಳಿದಳು, ‘ಇದರಿಂದ ಭೂಮಿ ಅಳದ್ರೇನು?’ ಹೌದೆಂದೆ. ಅವಳು ಅದನ್ನು ಒರೆಸಿ ಮೂಲೆಗಿಟ್ಟಳು.

ಆದರೆ ಈ ಸಂಭ್ರಮಕ್ಕೆ ಎರಡು ವಾರ ಮೊದಲೇ ಒಂದು ಪ್ರಶ್ನೆ ಬಂದಿತ್ತು. ಸಯೀನಿನ ಬಾವಿಯ ವಿಷಯ ಹೇಳಿ ಮುಗಿಸುತ್ತಿದ್ದಂತೆ ಒಂಬತ್ತನೇ ತರಗತಿಯ ಹುಡುಗಿ, ಜೇವರ್ಗಿ ಕಡೆಯವಳು, ಕೇಳಿದಳು: ‘ಆ ಬಾವಿ ಯಾರದ್ರಿ ಟೀಚರ್? ಎಲ್ಲಾರೂ ಬಗ್ಗಿ ನೋಡಬಹುದಿತ್ತೇನ್ರಿ?’

ನಾನು ಈ ಕತೆಯನ್ನು ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಹೇಳುತ್ತಾ ಬಂದಿದ್ದೇನೆ. ಆ ಬಾವಿ ಯಾರದೆಂದು ಒಂದು ಸಲವೂ ಯೋಚಿಸಿರಲಿಲ್ಲ. ಸೇಗನ್ನನೂ ಯೋಚಿಸಿಲ್ಲ. ಅವನ ಪುಸ್ತಕದಲ್ಲಿ ಬಾವಿ ಅಂದರೆ ಬಾವಿ, ಬಗ್ಗಿದವನಿಗೆ ಸೂರ್ಯ ಕಾಣುವ ಜಾಗ.

ಸೇಗನ್ನನ ಇನ್ನೊಂದು ಪುಸ್ತಕದ ಒಂದು ಭಾಗವನ್ನೂ ಓದಿದ್ದೆವು. 1990ರ ಫೆಬ್ರವರಿ 14ರಂದು ವಾಯೇಜರ್ 1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ಆಚೆಯಿಂದ ಹಿಂದಕ್ಕೆ ತಿರುಗಿ ನೋಡಿ ತೆಗೆದ ಭೂಮಿಯ ಚಿತ್ರ. ಚಿತ್ರದಲ್ಲಿ ಭೂಮಿ ಒಂದು ಪಿಕ್ಸೆಲ್‌ಗಿಂತ ಚಿಕ್ಕದು. ನಾವು ಕೇಳಿದ, ಕಂಡ ಪ್ರತಿಯೊಬ್ಬರೂ ಬದುಕಿದ್ದು ಆ ಚುಕ್ಕಿಯ ಮೇಲೆ, ಗಡಿಗಾಗಿ ಹರಿದ ರಕ್ತವೆಲ್ಲ ಆ ಚುಕ್ಕಿಯ ಒಂದು ಮೂಲೆಗಾಗಿ ಎಂದು ಸೇಗನ್ 1994ರಲ್ಲಿ ಬರೆದ. ಓದುವಾಗ ನನ್ನ ಗಂಟಲು ಕಟ್ಟುತ್ತದೆ, ಇವತ್ತಿಗೂ. ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, ‘ಅಷ್ಟು ದೂರದಿಂದ ನೋಡಿದ್ರ ಗಡಿ ಕಾಣಂಗಿಲ್ಲ, ಖರೆ. ನಮ್ಮ ಕೇರಿನೂ ಕಾಣಂಗಿಲ್ಲಲ್ರಿ.’

ಇದು ಸೇಗನ್ನನ ತಪ್ಪು ಅಂತ ನಾನು ಹೇಳುವುದಿಲ್ಲ. ದೂರ ಹೋದರೆ ಗೋಡೆಗಳು ಅಳಿಸುತ್ತವೆ ಅನ್ನುವುದು ಅವನ ಪುಸ್ತಕದ ಬೆಳಕು. ಗೋಡೆಯ ಜೊತೆ ಗೋಡೆಗೆ ಹಣೆ ಒಡೆದುಕೊಂಡವರೂ ಅಳಿಸಿಹೋಗುತ್ತಾರೆ ಅನ್ನುವುದು ಅದರ ಮಿತಿ. ಆ ಮಿತಿ ನನಗೆ ಕಾಣಿಸಿದ್ದು ಅವಳು ಹೇಳಿದ ಮೇಲೆ.

ಹಾಗಾಗಿ ಮುಂದಿನ ಪುಸ್ತಕವನ್ನು ನಾನು ಆರಿಸಲಿಲ್ಲ, ಅವಳ ಪ್ರಶ್ನೆ ಆರಿಸಿತು. ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’. ಇಪ್ಪತ್ತು ಚಿಲ್ಲರೆ ಪುಟದ ಪುಸ್ತಿಕೆ. ಅವರು ಬರೆದದ್ದು 1930ರ ದಶಕದಲ್ಲಿ, ಪುಸ್ತಿಕೆಯಾಗಿ ಅಚ್ಚಾದದ್ದು 1990ರಲ್ಲಿ. ಎರಡೇ ಐತವಾರದಲ್ಲಿ ಮುಗಿಯಿತು. ಪುಟಕ್ಕೆ ಪುಟ ತೂಗಿದರೆ ನಾವು ಓದಿದ್ದರಲ್ಲಿ ಇದಕ್ಕಿಂತ ಭಾರದ್ದು ಇರಲಿಲ್ಲ.

1901. ಸಾತಾರೆಯಿಂದ ಕೋರೆಗಾವಿಗೆ, ಅಪ್ಪನನ್ನು ನೋಡಲು ಹೊರಟ ಚಿಕ್ಕ ಹುಡುಗರು. ಹೊಸ ಅಂಗಿ, ಜರಿಯ ಟೋಪಿ, ಮೊದಲ ರೈಲು ಪ್ರಯಾಣ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆಯಲು ಯಾರೂ ಬಂದಿಲ್ಲ, ಬರೆದ ಕಾಗದ ಅಪ್ಪನ ಕೈಗೆ ಮುಟ್ಟಿಲ್ಲ. ತಾವು ಮಹಾರರು ಎಂದು ಹೇಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಒಲ್ಲರು. ಕೊನೆಗೆ ಒಬ್ಬ ಒಪ್ಪಿದ: ಬಾಡಿಗೆ ಎರಡರಷ್ಟು, ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವನು. ಬುತ್ತಿಯಲ್ಲಿ ಊಟವಿದೆ, ಕುಡಿಯಲು ನೀರಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ, ಗಾಡಿಯವನ ಮಾತಿನಂತೆ, ಮುಸಲ್ಮಾನರೆಂದು ಹೇಳಿಕೊಂಡು ಹುಡುಗ ಭೀಮರಾವ್ ಉರ್ದುವಿನಲ್ಲಿ ನೀರು ಕೇಳುತ್ತಾನೆ. ನಿಮಗಾಗಿ ಇಲ್ಲಿ ಯಾರು ನೀರಿಟ್ಟಿದ್ದಾರೆ, ಗುಡ್ಡದ ಮೇಲಿದೆ, ಹೋಗಿ ತಗೊಳ್ಳಿ ಅನ್ನುತ್ತಾನೆ ಸುಂಕದವನು.

ಅಂಬೇಡ್ಕರ್ ಇದನ್ನು ಅಳುತ್ತಾ ಹೇಳುವುದಿಲ್ಲ. ವಕೀಲರು ಸಾಕ್ಷಿ ಮುಂದಿಡುವ ಹಾಗೆ ಒಂದೊಂದೇ ಇಡುತ್ತಾ ಹೋಗುತ್ತಾರೆ: ಇಷ್ಟು ಗಂಟೆಗೆ ಇಲ್ಲಿ, ಇಷ್ಟು ದುಡ್ಡು, ಇಷ್ಟು ದೂರ. ಸೇಗನ್ ಹೇಳುವ ಎರಟೊಸ್ತೆನೀಸನ ಕತೆಯಲ್ಲೂ ಹೀಗೇ ಗಂಟೆ, ಕೋನ, ದೂರ. ಎರಡನ್ನೂ ಒಂದೇ ತಿಂಗಳಲ್ಲಿ ಓದಿದ್ದರಿಂದ ಮಕ್ಕಳಿಗೆ ಈ ಸಾಮ್ಯ ತಾನಾಗಿ ಹೊಳೆಯಿತು. ಒಬ್ಬ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದಿದ್ದ. ಒಂದರ ಮೇಲೆ ‘ಸಯೀನ್ – ಅಲೆಕ್ಸಾಂಡ್ರಿಯಾ’, ಇನ್ನೊಂದರ ಮೇಲೆ ‘ಮಸೂರು – ಕೋರೆಗಾವ್’. ಎರಡನೆಯದರ ಕೆಳಗೆ ದೂರದ ಬದಲು ‘ನೀರು ಇಲ್ಲ’ ಎಂದು ಬರೆದಿದ್ದ.

ನೆರಳಿನ ವಿಷಯ ಬಂದದ್ದೂ ಆಗಲೇ. ಅಂಬೇಡ್ಕರ್ 1936ರ ‘ಅನಿಹಿಲೇಶನ್ ಆಫ್ ಕಾಸ್ಟ್’ನಲ್ಲಿ ಪೇಶ್ವೆಗಳ ಕಾಲದ ಮಾತು ಹೇಳುತ್ತಾರೆ. ಸವರ್ಣೀಯ ಬರುತ್ತಿದ್ದರೆ ಅಸ್ಪೃಶ್ಯ ಬೀದಿಯಲ್ಲಿ ನಡೆಯುವಂತಿಲ್ಲ, ಅವನ ನೆರಳು ಬಿದ್ದೀತು. ಪುಣೆಯಲ್ಲಿ ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತನ್ನ ಹೆಜ್ಜೆ ತಾನೇ ಗುಡಿಸುತ್ತಾ ಹೋಗಬೇಕು. ಆ ಪುಟವನ್ನು ನಾನು ಬೇಕೆಂದೇ ಆಗಸ್ಟ್ 3ರ ನಂತರದ ವಾರ ಓದಿದೆ. ಹಿಂದಿನ ವಾರವಷ್ಟೇ ಇದೇ ಮಾಳಿಗೆಯಲ್ಲಿ ನೆರಳಿನಿಂದ ಭೂಮಿ ಅಳೆದಿದ್ದ ಮಕ್ಕಳು. ಹೆಜ್ಜೆ ಎಣಿಸಿದ್ದಕ್ಕೆ ಒಬ್ಬನಿಗೆ ಕೂಲಿ ಕೊಟ್ಟರಂತೆ ಎಂದು ನಕ್ಕಿದ್ದ ಮಕ್ಕಳು. ಅವತ್ತು ಯಾರೂ ಮಾತಾಡಲಿಲ್ಲ. ನಾನೂ ಏನೂ ವಿವರಿಸಲು ಹೋಗಲಿಲ್ಲ. ಕತ್ತಲಾದ ಮೇಲೆ ಎದ್ದು ಒಬ್ಬೊಬ್ಬರೇ ಇಳಿದು ಹೋದರು.

‘ವೀಸಾ’ ಪುಸ್ತಿಕೆಯಲ್ಲಿ ನಮ್ಮ ಊರಿಗೆ ತಾಗುವ ಒಂದು ಪ್ರಸಂಗ ಇದೆ. 1934ರಲ್ಲಿ ಅಂಬೇಡ್ಕರ್ ಸಂಗಡಿಗರೊಂದಿಗೆ ನಿಜಾಮರ ಸೀಮೆಯ ದೌಲತಾಬಾದ್ ಕೋಟೆ ನೋಡಲು ಹೋಗುತ್ತಾರೆ. ನಮ್ಮ ಕಲಬುರಗಿಯೂ ಆಗ ಅದೇ ಸೀಮೆ. ಬಾಗಿಲ ಹತ್ತಿರದ ಹೊಂಡದಲ್ಲಿ ಕೈಕಾಲು ಮುಖ ತೊಳೆದದ್ದಕ್ಕೆ, ನೀರು ಮೈಲಿಗೆಯಾಯಿತೆಂದು ಗಲಾಟೆ. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟದಂತೆ ಕಾಯಲು ಜೊತೆಗೊಬ್ಬ ಬಂದೂಕಿನ ಸಿಪಾಯಿ. ಇದೇ ದೌಲತಾಬಾದಿನ ಬಳಿಯ ಗುಡ್ಡದ ಮೇಲೆ, 1407ರಲ್ಲಿ, ಕಲಬುರಗಿಯಿಂದ ಆಳುತ್ತಿದ್ದ ಫಿರೋಜ್ ಶಾ ಬಹಮನಿ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಅದರ ಹೊಣೆ ಹೊತ್ತಿದ್ದ ವಿದ್ವಾಂಸ ಹಕೀಮ್ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ನಮ್ಮ ಊರಿನ ದೊರೆ ಆಕಾಶ ಅಳೆಯಲು ಆರಿಸಿದ ಜಾಗ ಅದು. ಅಲ್ಲೇ ಐದು ನೂರು ವರ್ಷದ ಮೇಲೆ ಒಬ್ಬ ಮನುಷ್ಯ ಹೊಂಡದಿಂದ ಎಷ್ಟು ದೂರ ಇರಬೇಕೆಂದು ಅಳೆದರು. ಇದನ್ನು ಹೇಳಿದಾಗ ಪಿಯುಸಿ ಹುಡುಗನೊಬ್ಬ ಫಿರೋಜ್ ಶಾನ ಬಗ್ಗೆ ಇನ್ನಷ್ಟು ಓದಬೇಕು ಅಂದ. ಅಂಬೇಡ್ಕರರ ಪುಸ್ತಿಕೆ ಓದಿ ಖಗೋಳದ ಕಡೆ ತಿರುಗಿದ ಹುಡುಗ. ಈ ಮಗ್ಗುಲಿನಿಂದಲೂ ದಾರಿ ಇದೆ ಅನ್ನುವುದು ನನಗೆ ಹೊಸದಾಗಿತ್ತು.

ಹಾಕಿಂಗ್‌ರ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ (1988) ಬಗ್ಗೆ ಹೆಚ್ಚು ಹೇಳಲಾರೆ. ಮೂರು ವಾರಕ್ಕೆ ಬಿಟ್ಟೆವು. ಒಂದೇ ಒಂದು ಸಮೀಕರಣ ಇಟ್ಟು ಇಷ್ಟೆಲ್ಲ ಹೇಳಿದ್ದು ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೆ ಅದರಲ್ಲಿ ನಮ್ಮ ಕೈಯಿಂದ ಮಾಡಿ ನೋಡುವಂಥದ್ದು ಇಲ್ಲ. ನಂಬಿಕೊಂಡು ಹೋಗಬೇಕು. ನಂಬಿ ಕೂಡುವುದು ಈ ಮಕ್ಕಳಿಗೆ ಬೇರೆ ಕಡೆ ಸಾಕಷ್ಟು ಸಿಗುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ತೆಗೆದುಕೊಂಡವರು ಒಬ್ಬರೇ ಕೂತು ಓದಿಕೊಳ್ಳಲಿ.

ತತ್ವಜ್ಞಾನಿ ಬಾಷ್ಲಾರನ ‘ದಿ ಪೊಯೆಟಿಕ್ಸ್ ಆಫ್ ಸ್ಪೇಸ್’, ಫ್ರೆಂಚಿನಲ್ಲಿ 1950ರ ದಶಕದಲ್ಲಿ ಬಂದದ್ದು, ನಾನೊಬ್ಬಳೇ ಓದಿದೆ. ಮನೆ, ಅಟ್ಟ, ನೆಲಮಾಳಿಗೆ, ಗೂಡು, ಕಪಾಟಿನ ಖಾನೆ, ಮೂಲೆ, ಇವೆಲ್ಲ ಮನುಷ್ಯನ ಕನಸನ್ನು ಹೇಗೆ ಕಾಯುತ್ತವೆ ಎಂದು ಹೇಳುವ ಸುಂದರ ಪುಸ್ತಕ. ಓದುತ್ತಾ ಹೋದಂತೆ, ಈತನ ಮನೆಯಲ್ಲಿ ಎಷ್ಟು ಖೋಲಿ ಇದ್ದವೋ ಅನ್ನಿಸತೊಡಗಿತು. ಒಂದೇ ಖೋಲಿಯಲ್ಲಿ ಏಳು ಮಂದಿ ಇರುವ ಹುಡುಗಿಗೆ ಅಟ್ಟ ಯಾವುದು, ನೆಲಮಾಳಿಗೆ ಯಾವುದು? ಮೂಲೆಯ ಬಗ್ಗೆ ಅವನು ಬರೆದದ್ದನ್ನು ಮಾತ್ರ ಮಕ್ಕಳಿಗೆ ಹೇಳಿದೆ. ನಿಮ್ಮ ನಿಮ್ಮ ಮೂಲೆ ಯಾವುದು ಎಂದು ಕೇಳಿದರೆ ಒಬ್ಬಳು, ಎಲ್ಲರೂ ಮಲಗಿದ ಮೇಲೆ ಒಲೆಯ ಪಕ್ಕ ಬೆಚ್ಚಗಿರುತ್ತದೆ, ಅಲ್ಲೇ ಓದುತ್ತೇನೆ ಅಂದಳು. ಅದಕ್ಕಾದರೂ ಪುಸ್ತಕಕ್ಕೆ ನಾನು ಋಣಿ.

ಮಾತಿನ ನಡುವೆ ಬಂದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಳಂದ ಕಡೆಯ ಒಬ್ಬ ಹುಡುಗನ ಮನೆಮಾತು ಮರಾಠಿ. ‘ಮರಾಠಿಯೊಳಗ ಬಾಹ್ಯಾಕಾಶಕ್ಕ ಅವಕಾಶ ಅಂತಾರ್ರಿ ಟೀಚರ್, ಗಗನನೌಕೆಗೆ ಅವಕಾಶಯಾನ’ ಅಂದ. ನಮ್ಮ ಕನ್ನಡದಲ್ಲಿ ಅವಕಾಶ ಅಂದರೆ ಚಾನ್ಸು. ಸಂಸ್ಕೃತದ ಮೂಲದಲ್ಲಿ ಅದು ತೆರಪು, ಇರಲು ಸಿಗುವ ಜಾಗ. ಅವತ್ತಿನಿಂದ ಯಾರಾದರೂ ‘ನಮಗ ಅವಕಾಶ ಸಿಗಲಿಲ್ಲ’ ಅಂದಾಗ ನನ್ನ ಕಿವಿಯಲ್ಲಿ ಎರಡೂ ಅರ್ಥ ಒಟ್ಟಿಗೆ ಕೇಳುತ್ತವೆ. ಬಸವಕಲ್ಯಾಣ ಇಷ್ಟು ಹತ್ತಿರ ಇಟ್ಟುಕೊಂಡು ಅಲ್ಲಮನ ಬಯಲು ಯಾಕೆ ಓದಲಿಲ್ಲ ಎಂದು ಕೇಳಿದವರೂ ಇದ್ದಾರೆ. ಓದಲು ಶುರು ಮಾಡಿದ್ದೆ. ವಚನ ಅಂದ ಕೂಡಲೇ ಮಕ್ಕಳು ಪರೀಕ್ಷೆಯ ಉತ್ತರ ಹೇಳತೊಡಗಿದರು. ಅದಕ್ಕೆ ಬೇರೆಯದೇ ತಯಾರಿ ಬೇಕು, ನನಗೂ.

ಸಿದ್ಧಲಿಂಗಯ್ಯನವರ ‘ಊರು ಕೇರಿ’ ಕನ್ನಡದ್ದೇ, ಹೀಗಾಗಿ ನಾನು ಬಾಯಿಮಾತಿನ ಕನ್ನಡ ಮಾಡುವ ಗೋಜಿಲ್ಲ. ಮಕ್ಕಳೇ ಸರದಿಯಲ್ಲಿ ಓದಿದರು. ಮಾಗಡಿ ಕಡೆಯ ಕನ್ನಡದ ಕೆಲವು ಮಾತು ನಮ್ಮ ಕಡೆಗೆ ತೊಡಕಾದವು, ಅದನ್ನು ಮಕ್ಕಳು ಆಟದಂತೆ ಬಿಡಿಸಿಕೊಂಡರು. ಹೆಸರಿನಲ್ಲೇ ಇದು ಜಾಗದ ಪುಸ್ತಕ. ಊರು ಒಂದು, ಕೇರಿ ಒಂದು, ನಡುವೆ ಒಂದು ದೂರ. ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತಿನ ಜಾಗದಲ್ಲಿ ನೊಗ ಹೊತ್ತು ನಡೆಯುವುದನ್ನು ಮಗು ನೋಡುತ್ತದೆ, ಅವರಲ್ಲೊಬ್ಬ ತನ್ನ ಅಪ್ಪ. ಅಂಥದ್ದನ್ನು ಬರೆದ ಮನುಷ್ಯನೇ ಮುಂದಿನ ಪುಟಗಳಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಸ್ಮಶಾನದಲ್ಲಿ ಕೂತು ಓದುವುದು ಅವರಿಗೆ ಇಷ್ಟ. ಯಾರೂ ಎಬ್ಬಿಸಿ ಕಳಿಸದ ಜಾಗ ಅದು. ಮಕ್ಕಳು ಅತ್ಯಂತ ಜೋರಾಗಿ ನಕ್ಕದ್ದು ಈ ಪುಸ್ತಕಕ್ಕೆ, ಅತ್ಯಂತ ಹೆಚ್ಚು ತಮ್ಮ ಮನೆಯ ಕತೆ ಹೇಳಿದ್ದೂ ಇದಕ್ಕೇ.

ಅಂಬೇಡ್ಕರರ ಪುಸ್ತಿಕೆಗೂ ಇದಕ್ಕೂ ಹೋಲಿಸಿದರೆ, ಅದು ಪ್ರಯಾಣದ ಪುಸ್ತಕ, ಇದು ವಾಸದ ಪುಸ್ತಕ. ಅಲ್ಲಿ ಸ್ಟೇಷನ್ನು, ಗಾಡಿ, ಸುಂಕದ ಕಟ್ಟೆ, ಬರೋಡೆಯ ಪಾರ್ಸಿ ಛತ್ರ: ಎಲ್ಲಿ ಹೋದರೂ ಒಳಗೆ ಬಿಡುವವರು ಬೇಕು. ಇಲ್ಲಿ ಕೇರಿಯೊಳಗೇ ಒಂದು ತುಂಬಿದ ಲೋಕವಿದೆ, ನಗು, ಜಗಳ, ದೆವ್ವ, ಹಾಡು. ಅಂಬೇಡ್ಕರರನ್ನು ಓದಿದ ಮೇಲೆ ಕೇರಿಯಾಚೆಯ ಮಕ್ಕಳು ತಲೆ ತಗ್ಗಿಸಿದರು. ಸಿದ್ಧಲಿಂಗಯ್ಯನವರನ್ನು ಓದಿದ ಮೇಲೆ ಕೇರಿಯ ಮಕ್ಕಳು ತಲೆ ಎತ್ತಿದರು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನದು.

‘ಊರು ಕೇರಿ’ ಓದಿದ ಆರು ವಾರದ ನಡುವೆ ಒಂದು ದಿನ ನಿಮ್ಮ ನಿಮ್ಮ ಹಳ್ಳಿಯ ನಕಾಶೆ ಬರೆಯಿರಿ ಅಂದೆ. ಅಗಸಿ, ಹನುಮಂತದೇವರ ಗುಡಿ, ವಾಡೆ, ಹುಡೇವು, ಮಸೂತಿ, ಶಾಲೆ, ಬಾವಿ. ಸೇಡಂ ಕಡೆಯ ಹುಡುಗನ ನಕಾಶೆ ಬಹಳ ಚೆಂದ ಇತ್ತು, ಬೇವಿನ ಮರವನ್ನೂ ಬಿಟ್ಟಿರಲಿಲ್ಲ. ಕೇರಿ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅವನಿಗೆ ನೆನಪಾಗಲಿಲ್ಲ ಅಷ್ಟೆ. ಬಾವಿಯ ಪ್ರಶ್ನೆ ಕೇಳಿದ ಹುಡುಗಿಯ ನಕಾಶೆಯಲ್ಲಿ ಕೇರಿಯ ಪ್ರತಿ ಮನೆ ಇತ್ತು, ಬೋರ್‌ವೆಲ್ ಇತ್ತು, ಅಂಬೇಡ್ಕರ್ ಕಟ್ಟೆ ಇತ್ತು. ಊರು ಇರಬೇಕಾದ ಕಡೆ ಒಂದು ಚೌಕ ಬರೆದು ಖಾಲಿ ಬಿಟ್ಟಿದ್ದಳು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ನನಗೆ ಹೇಳಲು ಮಾತಿರಲಿಲ್ಲ.

ಕೊನೆಯದು, ಎರಡು ಬಗೆಯ ಜಾಗವನ್ನೂ ಒಂದೇ ಪುಸ್ತಕದಲ್ಲಿ ಹಿಡಿದದ್ದು: ಅರ್ಸುಲಾ ಲೆ ಗ್ವಿನ್ ಬರೆದ ‘ದಿ ಡಿಸ್ಪೊಸೆಸ್ಡ್’, 1974ರ ಕಾದಂಬರಿ. ಒಂದಕ್ಕೊಂದು ಚಂದ್ರನಾಗಿರುವ ಎರಡು ಲೋಕಗಳು. ಉರಾಸ್ ಹಸಿರಿನ, ಸಿರಿವಂತಿಕೆಯ, ಒಡೆತನದ ಲೋಕ. ಅನಾರೆಸ್ ಬರದ, ಧೂಳಿನ ಲೋಕ, ಅಲ್ಲಿ ಯಾರಿಗೂ ಯಾವುದೂ ಸ್ವಂತವಲ್ಲ. ಕತೆ ಶುರುವಾಗುವುದೇ ಗಗನನೌಕೆ ಇಳಿಯುವ ಬಂದರಿನ ಸುತ್ತಲ ಒಂದು ಗೋಡೆಯಿಂದ. ಆ ಗೋಡೆ ಬಂದರನ್ನು ಒಳಗಿಟ್ಟಿದೆಯೋ, ಇಡೀ ಅನಾರೆಸ್ ಲೋಕವನ್ನು ಒಳಗಿಟ್ಟು ಬೀಗ ಹಾಕಿದೆಯೋ? ನೋಡುವವನು ಯಾವ ಬದಿಗೆ ನಿಂತಿದ್ದಾನೆ ಅನ್ನುವುದರ ಮೇಲೆ ಹೋಗುತ್ತದೆ.

ಮಕ್ಕಳನ್ನು ನಮ್ಮ ಕೋಟೆಗೆ ಕರೆದೊಯ್ದು ಕಂದಕದ ಆಚೆ ಅರ್ಧ ಮಂದಿ, ಈಚೆ ಅರ್ಧ ಮಂದಿ ನಿಲ್ಲಿಸಿ ಈ ಪ್ರಶ್ನೆ ಕೇಳಿದೆ. ಆಮೇಲೆ 1367ರ ಜಾಮಿಯಾ ಮಸೀದಿಯೊಳಗೆ ಕೂತೆವು. ಸಾಮಾನ್ಯವಾಗಿ ಮಸೀದಿಗಳಿಗೆ ಇರುವ ತೆರೆದ ಅಂಗಳ ಇದಕ್ಕಿಲ್ಲ, ಇಡಿಯಾಗಿ ಗುಮ್ಮಟಗಳ ಮಾಡು. ಆಕಾಶವನ್ನೇ ಹೊರಗಿಟ್ಟು ಕಟ್ಟಿದ್ದಾರೆ ಎಂದ ಒಬ್ಬ. ಇಲ್ಲ, ಗುಮ್ಮಟ ಕಟ್ಟಿ ಆಕಾಶ ಒಳಗೆ ತಂದುಕೊಂಡಿದ್ದಾರೆ ಎಂದಳು ಇನ್ನೊಬ್ಬಳು. ಲೆ ಗ್ವಿನ್ ಇದ್ದಿದ್ದರೆ ಇದನ್ನು ಕೇಳಿ ಖುಷಿಪಡುತ್ತಿದ್ದರು.

ಕಾದಂಬರಿಯ ಒಂದು ದೃಶ್ಯ ಮಾತ್ರ ಯಾರೂ ಮರೆಯಲಿಲ್ಲ. ಕತೆಯ ನಾಯಕ ಶೆವೆಕ್ ಇನ್ನೂ ಕೂಸು. ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚೌಕದಲ್ಲಿ ಕೂತಿದೆ. ಇನ್ನೊಂದು ದಪ್ಪನೆಯ ಕೂಸು ಬಂದು ಆ ಜಾಗ ತಗೊಳ್ಳುತ್ತದೆ. ಇದು ಸಿಟ್ಟಿನಿಂದ, ನನ್ನ ಸೂರ್ಯ ಅನ್ನುತ್ತದೆ. ಅದು ನಿನ್ನದಲ್ಲ, ಯಾವುದೂ ನಿನ್ನದಲ್ಲ, ಇರುವುದು ಬಳಸಲಿಕ್ಕೆ, ಹಂಚಿಕೊಳ್ಳಲಿಕ್ಕೆ ಎಂದು ನೋಡಿಕೊಳ್ಳುವ ಹೆಂಗಸು ಹೇಳುತ್ತಾಳೆ. ಬಿಸಿಲ ನಾಡಿನ ನಮ್ಮ ಮಕ್ಕಳಿಗೆ, ಬಿಸಿಲಿಗಾಗಿ ಯಾಕೆ ಜಗಳ, ನೆರಳಿಗಾಗಿ ಆಡಿದರೆ ಸರಿ ಅನ್ನಿಸಿತು. ಆಮೇಲೆ ಒಬ್ಬಳು ಅಂದಳು: ‘ಯಾವುದೂ ನಿನ್ನದಲ್ಲ ಅನ್ನೋ ಮಾತು ಏನೂ ಇಲ್ಲದವರಿಗೆ ಹೇಳಬಾರದ್ರಿ.’ ಕಾದಂಬರಿಯನ್ನು ಹೊಗಳುವ ಲೇಖನಗಳನ್ನು ನಾನು ಓದಿದ್ದೇನೆ. ಇಷ್ಟು ನೇರವಾದ ಟೀಕೆ ಎಲ್ಲೂ ಓದಿರಲಿಲ್ಲ.

ಆದರೂ ಇದನ್ನು ಮಕ್ಕಳಿಗೆ ಮೊದಲ ಪುಸ್ತಕವಾಗಿ ಕೊಡಲಾರೆ. ಕಾಲ ಹಿಂದೆ ಮುಂದೆ ಹಾರುತ್ತದೆ, ಇಂಗ್ಲಿಷ್ ಬಿಗಿ, ದೊಡ್ಡವರ ವಿಷಯಗಳಿವೆ. ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿಲ್ಲ. ಐದು ವಾರ ಕತೆಯಾಗಿ ಹೇಳಿದೆ, ಪೂರ್ತಿ ಓದಿದವರು ಇಬ್ಬರೇ ಪಿಯುಸಿ ಹುಡುಗಿಯರು. ದೊಡ್ಡವರಿಗಾದರೆ ಮೊದಲು ಇದನ್ನೇ ಹೇಳುತ್ತೇನೆ, ಅನುಮಾನವೇ ಇಲ್ಲ.

ಮಕ್ಕಳಿಗೆ ಯಾವುದು ಎಂದು ಕೇಳುವವರಿಗೆ ನನ್ನ ಉತ್ತರ ಇದು. ದುಡ್ಡು, ಹೊತ್ತು ಎರಡೂ ಕಡಿಮೆ ಇದ್ದರೆ ‘ವೀಸಾ’ ಮತ್ತು ‘ಕಾಸ್ಮೊಸ್’ನ ಎರಟೊಸ್ತೆನೀಸನ ಪುಟಗಳು, ಒಂದೇ ತಿಂಗಳಲ್ಲಿ, ಸಾಧ್ಯವಾದರೆ ನೆರಳಿಲ್ಲದ ದಿನದ ಹಿಂದು ಮುಂದೆ. ಒಂದನ್ನೇ ಕೊಳ್ಳುವುದಾದರೆ ‘ಊರು ಕೇರಿ’. ವಿಜ್ಞಾನದ ಟೀಚರ್ ಆಗಿ ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಆದರೆ ಮುಂದಿನ ವಾರ ಮಕ್ಕಳು ಏನು ಹೊತ್ತು ತಂದರು ಅನ್ನುವ ಅಳತೆಯಲ್ಲಿ ಅದರ ಹತ್ತಿರ ಯಾವುದೂ ಬರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋಗಿ ಬಂದ ಸೇಡಂ ಕಡೆಯ ಹುಡುಗ ಜನವರಿಯ ಐತವಾರ ಮಾಳಿಗೆ ಹತ್ತಿದಾಗ ಕೈಯಲ್ಲಿ ಸುರುಳಿ ಸುತ್ತಿದ ಹಾಳೆ ಇತ್ತು. ನಕಾಶೆ ಹೊಸದಾಗಿ ಬರೆದಿದ್ದ. ಈ ಸಲ ಕೇರಿ ಇತ್ತು. ಗುಡಿಯಿಂದ ಕೇರಿಯ ಬೋರ್‌ವೆಲ್ಲಿನ ತನಕ ಒಂದು ಗೆರೆ, ಅದರ ಮೇಲೆ ‘340 ಹೆಜ್ಜೆ’. ಎರಟೊಸ್ತೆನೀಸನ ಆಳಿನ ಹಾಗೆ ತಾನೇ ನಡೆದು ಎಣಿಸಿದ್ದನಂತೆ. ಹದಿನಾಲ್ಕು ವರ್ಷದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು ಅಂದ.

ಬಾವಿಯ ಪ್ರಶ್ನೆ ಕೇಳಿದ ಹುಡುಗಿ ಹಾಳೆಯನ್ನು ಕಲ್ಲಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟು, ಬಹಳ ಹೊತ್ತು ನೋಡಿದಳು.

‘ಇದು ಹೋಗೂದು ಎಣಿಸೀದಿ. ಅಲ್ಲಿಂದ ಗುಡಿಗೆ ಬರೂದು ಎಣಿಸೀಯೇನು?’

ಇಲ್ಲ ಅಂದ ಅವನು. ಯುಗಾದಿಗೆ ಹೋದಾಗ ಎಣಿಸಿ ಬರುತ್ತೇನೆ ಅಂದ. ಅವಳು ಪೆನ್ಸಿಲ್ ತಗೊಂಡು ಆ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು, ಅಂಕಿಯ ಜಾಗ ಖಾಲಿ ಬಿಟ್ಟಳು.